ಸಂಧಿವಾತ ತಜ್ಞರ ಮೊದಲ ಭೇಟಿಗೆ ಏನೇನು ಸಿದ್ಧಮಾಡಿಕೊಳ್ಳಬೇಕು?

ಪ್ರಶ್ನೆ (ಶಿವಮೊಗ್ಗದಿಂದ):
ನಮಸ್ಕಾರ. ನನ್ನ ತಾಯಿಯವರಿಗೆ 54 ವರ್ಷ. ಬೆರಳಿನ ಗೆಣ್ಣು ಮತ್ತು ಮಣಿಕಟ್ಟುಗಳಲ್ಲಿ ಬಹುಕಾಲದಿಂದ ನೋವು, ಊತಗಳಿದ್ದು, ಇದು ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆರಗುವ ಕಾಯಿಲೆ) ಇರಬಹುದೆಂದು ನಮ್ಮ ವೈದ್ಯರು ಬೆಂಗಳೂರಿನ ರುಮಟಾಲಜಿಸ್ಟ್ ಒಬ್ಬರಿಗೆ ಪತ್ರ ಕೊಟ್ಟಿದ್ದಾರೆ. ಅಮ್ಮ ವೈದ್ಯರೆದುರು ಕುಳಿತ ಕೂಡಲೇ "ಈಗ ಪರವಾಗಿಲ್ಲ" ಎಂದುಬಿಡುತ್ತಾರೆ. ಕೆಲವು ತಿಂಗಳಿಂದ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಊತ ಚೆನ್ನಾಗಿ ಕಾಣಲೆಂದು ಅದನ್ನು ಒಂದು ವಾರ ಮೊದಲೇ ನಿಲ್ಲಿಸಿ ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ 1 (ಇದೇ ಕಾಯಿಲೆಯುಳ್ಳವರು):
ದಯವಿಟ್ಟು ನಿಲ್ಲಿಸಬೇಡಿ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತಾನೇ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಗ್ಗಿಸಿಕೊಂಡಿರುತ್ತದೆ. ಥಟ್ಟನೆ ಬಿಟ್ಟರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ಉಂಟಾಗಬಹುದು. ಊತ ತೋರಿಸುವುದಕ್ಕೆ ಫೋನ್ ಇದೆ. ಕೈ ಊದಿಕೊಂಡ ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ ಎರಡೂ ಕೈಗಳನ್ನು ಒಟ್ಟಿಗಿಟ್ಟು ಫೋಟೊ ತೆಗೆದಿಡಿ.

ನೋವಿಗಿಂತಲೂ ಹೆಚ್ಚಾಗಿ ತಜ್ಞರು ಕೇಳುವುದು, ಬೆಳಿಗ್ಗೆ ಎದ್ದ ಮೇಲೆ ಕೀಲುಗಳ ಬಿಗಿತ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು. ಸವೆತದ ಗಂಟುನೋವಿನಲ್ಲಿ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ. ರುಮಟಾಯ್ಡ್‌ನಲ್ಲಿ ಹಲವರಿಗೆ ಒಂದು ಗಂಟೆಯನ್ನೂ ಮೀರುತ್ತದೆ. ಆದ್ದರಿಂದ ಈಗಿನಿಂದಲೇ ದಿನವೂ ಸಮಯ ಬರೆದಿಡಿ. "ಪರವಾಗಿಲ್ಲ" ಎನ್ನುವವರನ್ನು ನೋವು ಎಷ್ಟಿದೆ ಎಂದು ಕೇಳಿ ಫಲವಿಲ್ಲ; ಅಕ್ಕಿರೊಟ್ಟಿ ತಟ್ಟಲು, ಕುಕ್ಕರ್ ಮುಚ್ಚಳ ತೆಗೆಯಲು, ಸೀರೆಯ ನೆರಿಗೆ ಹಿಡಿಯಲು ಆಗುತ್ತದೆಯೇ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಉತ್ತರ 2 (ಔಷಧ ಅಂಗಡಿಯವರು):
ಮಾತ್ರೆಗಳ ಹೆಸರು ಬರೆದುಕೊಂಡು ಹೋಗುವುದಕ್ಕಿಂತ ಸ್ಟ್ರಿಪ್‌ಗಳನ್ನೇ ಒಯ್ಯಿರಿ. ನೋವಿಗೆಂದು ತಾವಾಗಿಯೇ ಕೊಂಡ ಗುಳಿಗೆ, ನಾಟಿ ಔಷಧ, ಪುಡಿ, ಕಷಾಯ ಯಾವುದನ್ನೂ ಮುಚ್ಚಿಡಬೇಡಿ. ಮೂತ್ರಪಿಂಡ, ಯಕೃತ್ತಿನ ಮೇಲೆ ಪರಿಣಾಮ ಬೀರುವಂಥವು ಅವುಗಳಲ್ಲಿಯೂ ಇರುತ್ತವೆ. ಹಿಂದೆ ಕಾಮಾಲೆ ಅಥವಾ ಕ್ಷಯ ಬಂದಿತ್ತೇ ಎಂಬುದನ್ನು ಮನೆಯಲ್ಲಿ ವಿಚಾರಿಸಿಡಿ, ಏಕೆಂದರೆ ಈ ಕಾಯಿಲೆಯ ಔಷಧಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಅವನ್ನು ಆರಂಭಿಸುವ ಮೊದಲು ಹೆಪಟೈಟಿಸ್ ಬಿ, ಸಿ ಪರೀಕ್ಷೆಗಳನ್ನೂ ಎದೆಯ ಎಕ್ಸ್‌-ರೇಯನ್ನೂ ಮಾಡಿಸುವುದು ವಾಡಿಕೆ.

ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಬರೆದುಕೊಟ್ಟರೆ ಅದು ವಾರಕ್ಕೊಮ್ಮೆ ಮಾತ್ರ. ವಾರದ ಯಾವ ದಿನವೆಂಬುದನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ದಿನನಿತ್ಯದ ಮಾತ್ರೆಯೆಂದು ತಿಳಿದು ನುಂಗಿದವರಲ್ಲಿ ರಕ್ತಕಣಗಳು ಕುಸಿದು ಪ್ರಾಣಾಪಾಯವಾಗಿರುವುದುಂಟು.

ಉತ್ತರ 3:
ಹೋಗುವ ಮೊದಲೇ ಪ್ರಯೋಗಾಲಯದ ದೊಡ್ಡ "ಆರ್ಥ್ರೈಟಿಸ್ ಪ್ಯಾಕೇಜ್" ಮಾಡಿಸಿ ಹಣ ಕಳೆಯಬೇಡಿ ಎಂಬುದು ನನ್ನ ಅಭಿಪ್ರಾಯ. ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್) ಎಂಬ ರಕ್ತಪರೀಕ್ಷೆ ಕಾಯಿಲೆಯಿದ್ದವರಲ್ಲಿಯೂ ನೆಗೆಟಿವ್ ಬರಬಹುದು, ಇಲ್ಲದವರಲ್ಲಿಯೂ ಪಾಸಿಟಿವ್ ಬರಬಹುದು. ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಎಕ್ಸ್‌-ರೇ ಫಿಲ್ಮ್‌ಗಳನ್ನೂ ಒಯ್ದರೆ ಸಾಕು. ಉಳಿದದ್ದನ್ನು ತಜ್ಞರೇ ಹೇಳುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸ್ಟೀರಾಯ್ಡ್ ನಿಲ್ಲಿಸುವುದಿಲ್ಲ. ಅಂದು ಅಲ್ಲಿಯೇ ರಕ್ತ ತೆಗೆದರೆಂದರೆ ಅಮ್ಮ ಉಪವಾಸವಿರಬೇಕೇ?

ಉತ್ತರ 2:
ಉರಿಯೂತ ಎಷ್ಟಿದೆಯೆಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗಳಿಗೂ ಆರ್‌ಎಫ್‌ಗೂ ಉಪವಾಸ ಬೇಕಿಲ್ಲ. ತಿಂಡಿ ತಿಂದು, ಸ್ಟೀರಾಯ್ಡ್ ಮಾತ್ರೆಯನ್ನೂ ಎಂದಿನಂತೆ ತೆಗೆದುಕೊಂಡೇ ಹೊರಡಲಿ.