ಫಾಸ್ಟ್ ಅಂದರೆ ಬರೀ ವೇಗವೇ?

ಡೊಂಬಿವಲಿಯಿಂದ: ಮುಂಬೈ ಸ್ಟೇಷನ್ನಿನ ಇಂಡಿಕೇಟರಿನಲ್ಲಿ ‘ಎಫ್’ ಕಂಡರೆ ಫಾಸ್ಟ್ ಲೋಕಲ್ ರೈಲು. ಸೀರೆಯ ಚೀಟಿಯಲ್ಲಿ ‘ಕಲರ್ ಫಾಸ್ಟ್’, ಏಕಾದಶಿಯ ಉಪವಾಸಕ್ಕೂ ‘ಫಾಸ್ಟ್’. ಎಲ್ಲ ಒಂದೇ ಪದವಾ?

ಮಾಟುಂಗಾದಿಂದ: ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ಗಟ್ಟಿ, ಭದ್ರ ಎಂದರ್ಥ. ಬಟ್ಟೆಯನ್ನು ಬಿಗಿಯಾಗಿ ಹಿಡಿದ ಬಣ್ಣ ಕಲರ್ ಫಾಸ್ಟ್. ನೇಮ ಬಿಗಿ ಹಿಡಿದರೆ ಉಪವಾಸ. ಬಿರುಸಿನ ಓಟದಿಂದ ‘ವೇಗ’ ಆಮೇಲೆ ಬಂತು. ‘ಫಾಸ್ಟ್ ಅಸ್ಲೀಪ್’ ಅಂದರೆ ಬೇಗ ನಿದ್ದೆ ಹೋದ ಅಂತ ಬರೆಯಬೇಡಿ ಮಾರಾಯ್ರೆ, ಅದು ಗಾಢನಿದ್ದೆ. ಗಡಿಯಾರ 5 ನಿಮಿಷ ಫಾಸ್ಟ್ ಅಂದರೆ ಅಷ್ಟು ಮುಂದಿದೆ.

ದಾದರ್‌ನಿಂದ: ಸೀರೆಯ ಚೀಟಿ ನಂಬಬೇಡಿ. ಒದ್ದೆ ಬಿಳಿ ಬಟ್ಟೆಯಿಂದ ಸೀರೆಯ ಒಳಮೂಲೆ ಹತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಬೇರೆಯಾಗಿಯೇ ಒಗೆಯಿರಿ.

ಠಾಣೆಯಿಂದ: ಲೋಕಲ್ಲಿನ ಫಾಸ್ಟ್ ಅಂದರೆ ಬಿಟ್ಟುಹೋಗುವ ಸ್ಟೇಷನ್‌ಗಳ ಲೆಕ್ಕ. ಕಲ್ಯಾಣ್ ಸ್ಟೇಷನ್ ದಾಟಿದರೆ ಅದೂ ಎಲ್ಲ ಕಡೆ ನಿಲ್ಲುತ್ತದೆ.