ಶೋಭಾಗೆ, ಮೀಟಿಂಗ್ ಹುಡುಕೋ ವಿಷಯ

ಶೋಭಾ, ನಿನ್ನ ಮೆಸೇಜ್ ಈಗ ನೋಡ್ದೆ ಕಣೇ. ನಿಮ್ಮನೆಯವರು ಕುಡಿಯೋದು ಬಿಡ್ತೀನಿ ಅಂತಿದ್ದಾರೆ, ರಾಜಾಜಿನಗರದ ಹತ್ತಿರ ಯಾವುದಾದ್ರೂ ಗುಂಪಿದ್ರೆ ಹೇಳಿ ಅಂತ ಕೇಳಿದ್ದೀಯ. ಮನೆಮಂದಿಯೆಲ್ಲ ಇರೋ ಗ್ರೂಪಲ್ಲಿ ಹೀಗೆ ಬಾಯಿಬಿಟ್ಟು ಕೇಳೋಕೆ ಎಷ್ಟು ಗಟ್ಟಿ ಮನಸ್ಸು ಬೇಕು ಅಂತ ನಂಗೆ ಗೊತ್ತು. ಟೈಪ್ ಮಾಡಿ ಮುಗಿಯೋ ವಿಷಯ ಅಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದ್ದೀನಿ. ಪೂರ್ತಿ ಕೇಳು. ನಮ್ಮನೆಯವರೂ ಪಕ್ಕದಲ್ಲೇ ಕೂತಿದ್ದಾರೆ, ನನ್ನ ವಿಷಯಾನೂ ಹೇಳು ಪರವಾಗಿಲ್ಲ ಅಂತ ಅವರೇ ಅಂದ್ರು.

ಗುಂಪಿಗಿಂತ ಮೊದಲು ಡಾಕ್ಟರು. ಬಿಡ್ತೀನಿ ಅಂದ್ರು ಅಂತ ಬಾಟ್ಲಿ ಎಲ್ಲ ಚೆಲ್ಲಿ, ನಾಳೆಯಿಂದ ಒಂದು ತೊಟ್ಟೂ ಇಲ್ಲ ಅಂತ ಮನೇಲಿ ಕೂರಿಸಬೇಡ. ಬೆಳಗ್ಗೆ ಎದ್ರೆ ಕೈ ನಡುಗತ್ತೆ, ಸ್ವಲ್ಪ ಹಾಕ್ಕೊಂಡ್ರೆ ನಿಲ್ಲತ್ತೆ ಅಂತ ಬರೆದಿದ್ದೀಯಲ್ಲ, ಅಂಥ ಮೈಗೆ ಏಕಾಏಕಿ ನಿಲ್ಲಿಸಿದ್ರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಆದ್ಮೇಲೆ ಇಲ್ಲದವರೆಲ್ಲ ಕಣ್ಣಿಗೆ ಕಾಣ್ಸೋದು, ತಾನೆಲ್ಲಿದ್ದೀನಿ ಅಂತಾನೇ ತಿಳಿಯದ ಹಾಗೆ ಆಗೋದು, ಅದು ಜೀವಕ್ಕೇ ಅಪಾಯ. ಹೊಸೂರು ರಸ್ತೆ ನಿಮ್ಹಾನ್ಸಲ್ಲಿ ವ್ಯಸನಕ್ಕೇ ಅಂತ ಬೇರೆ ವಿಭಾಗ ಇದೆ. ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸ್ತಾರೆ, ಜೊತೆಗೆ ಬಿ1 ವಿಟಮಿನ್ನೂ ಕೊಡ್ತಾರೆ. ಕುಡಿಯೋರಿಗೆ ಅದು ಕಮ್ಮಿಯಾಗಿ ನೆನಪಿನ ಶಕ್ತಿಗೇ ಪೆಟ್ಟು ಬೀಳತ್ತೆ. ರಾತ್ರಿ ಹೊತ್ತು ಗಾಬರಿಯಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಫಿಟ್ಸ್ ಬಂದ್ರೆ ಮಾತ್ರ ಫೋನಲ್ಲಿ ಸಲಹೆ ಕೇಳ್ತಾ ಕೂರಬೇಡ, 108ಕ್ಕೆ ಮಾಡಿ ಸೀದಾ ಆಸ್ಪತ್ರೆ.

ಮಾವ, ಬೇಜಾರು ಮಾಡ್ಕೋಬೇಡಿ, ಸಾರಲ್ಲಿ ಗೊತ್ತಾಗದ ಹಾಗೆ ಬೆರೆಸಿಕೊಡೋ ಪುಡಿ ಇದೆ ಅಂದ್ರಲ್ಲ, ಅದು ಬೇಡವೇ ಬೇಡ. ಅಂಥದ್ರಲ್ಲಿ ಏನಿರತ್ತೋ ಯಾರಿಗೆ ಗೊತ್ತು. ಡೈಸಲ್ಫಿರಾಮ್ ಅನ್ನೋ ಔಷಧಿ ಹಾಕಿದ್ರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡ್ಕೊಂಡು, ಬಿಪಿ ಇಳಿದುಹೋಗತ್ತೆ. ಪ್ರಾಣಾನೇ ಹೋಗಬಹುದು. ಡಾಕ್ಟರು ಅದನ್ನ ಕೊಡೋದು ಕುಡಿಯೋರಿಗೇ ಹೇಳಿ, ಅವರು ಒಪ್ಪಿದ ಮೇಲೆ.

ಈಗ ಗುಂಪು. ನಮ್ಮನೆಯವರು ಹೋಗೋದು ಎಎ ಮೀಟಿಂಗಿಗೆ, ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ವ್ಯವಹಾರದವರು, ಒಬ್ಬ ಸರ್ಜನ್, ಇಬ್ಬರೂ ಕುಡಿತಕ್ಕೆ ಸಿಕ್ಕಿ ನಲುಗಿದವರೇ, ಕೂತು ಮಾತಾಡಿ ಶುರುಮಾಡಿದ್ದು. ಇವತ್ತಿಗೂ ನಡೆಸೋರು ಕುಡಿದು ಬಿಟ್ಟವರೇ. ಫೀಸಿಲ್ಲ, ಕೊನೇಲಿ ಒಂದು ಡಬ್ಬಿ ಬರತ್ತೆ, ಇಷ್ಟ ಇದ್ರೆ ಹಾಕೋದು. ಪೂರ್ತಿ ಹೆಸರು ಕೇಳಲ್ಲ, ಕೆಲಸ ಕೇಳಲ್ಲ, ಜಾತಿ ಕೇಳಲ್ಲ. ಬಿಡಬೇಕು ಅನ್ನೋ ಆಸೆ ಇದ್ರೆ ಸಾಕು. ಚರ್ಚಿನ ಪಕ್ಕದ ಕೋಣೆನೋ ಸ್ಕೂಲ್ ರೂಮೋ ಇರತ್ತೆ, ಅದಕ್ಕೆ ಮತಾಂತರ ಅಂತೆಲ್ಲ ಯಾರೂ ಗಾಬರಿ ಆಗ್ಬೇಡಿ, ಜಾಗ ಅಷ್ಟೇ. ನಾನು ಓಪನ್ ಮೀಟಿಂಗಿಗೆ, ಅಂದ್ರೆ ಮನೆಯವರೂ ಹೋಗಿ ಕೂರಬಹುದಾದ ಮೀಟಿಂಗಿಗೆ, ಹೋಗಿದ್ದಾಗ ನೋಡಿದ್ದು: ಆಟೋ ಓಡಿಸೋರೊಬ್ಬರು ಖಾಕಿ ಅಂಗಿಲೇ ಬಂದು ಕೂತ್ರು, ಪಕ್ಕದಲ್ಲಿ ಕೊರಳಲ್ಲಿ ಆಫೀಸ್ ಐಡಿ ತೂಗಾಡ್ತಿದ್ದ ಹುಡುಗ. ಇಬ್ರೂ ಎದ್ದುನಿಂತು ಒಂದೇ ಥರ ಮಾತಾಡಿದ್ರು, ಹೆಂಡ್ತಿ ಪರ್ಸಿಂದ ದುಡ್ಡು ತೆಗೆದಿದ್ದು, ಮಗು ಹುಟ್ಟುಹಬ್ಬಕ್ಕೆ ಬರ್ತೀನಿ ಅಂತ ಹೇಳಿ ಬಾರಲ್ಲಿ ಕೂತಿದ್ದು. ಮಧ್ಯದಲ್ಲಿ ಯಾರೂ ಬಾಯಿ ಹಾಕಲಿಲ್ಲ, ಬುದ್ಧಿ ಹೇಳಲಿಲ್ಲ. ಮುಗಿದ ಮೇಲೆ ಪೇಪರ್ ಕಪ್ಪಲ್ಲಿ ಟೀ ಕುಡೀತಾ ಒಬ್ಬರ ನಂಬರ್ ಇನ್ನೊಬ್ಬರು ತಗೊಂಡ್ರು. ನಮ್ಮನೆಯವರಿಗೆ ಆಸರೆ ಆಗಿದ್ದು ಆ ನಂಬರ್‌ಗಳೇ. ಸಂಜೆ ಏಳಕ್ಕೆ ಆಸೆ ಕೆರಳಿದಾಗ ಯಾರಿಗಾದ್ರೂ ಫೋನ್ ಮಾಡಿ, ಇವತ್ತೊಂದು ದಿನ ದಾಟ್ಸೋಣ ಬಾ ಅನ್ನಿಸ್ಕೊಳ್ಳೋದು.

ಆದ್ರಿಂದ ಯಾವ ಗುಂಪು ದೊಡ್ಡದು, ಯಾವುದಕ್ಕೆ ಹೆಸರಿದೆ ಅಂತ ನೋಡಬೇಡ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದವರನ್ನ ಸಂಜೆ ಟ್ರಾಫಿಕ್ಕಲ್ಲಿ ಊರಾಚೆ ಕಳಿಸಿದ್ರೆ ಎರಡನೇ ವಾರಕ್ಕೇ ನಿಂತುಹೋಗತ್ತೆ. ಮನೆಗೋ ಫ್ಯಾಕ್ಟ್ರಿಗೋ ಹತ್ತಿರ ಇರ್ಲಿ, ಮಾತು ಕನ್ನಡದಲ್ಲಿರ್ಲಿ. ಎಎ ಸಹಾಯವಾಣಿಗೆ ಮಾಡಿ ಯಾವ ದಿನ, ಎಷ್ಟೊತ್ತಿಗೆ, ಯಾವ ಭಾಷೆ, ಓಪನ್ನೋ ಕ್ಲೋಸ್ಡೋ ಅಂತ ಕೇಳು. ಕ್ಲೋಸ್ಡ್ ಅಂದ್ರೆ ಕುಡಿತದ ತೊಂದರೆ ಇರೋರಿಗೆ ಮಾತ್ರ, ನಿನ್ನನ್ನ ಒಳಗೆ ಬಿಡಲ್ಲ. ಒಂದು ಕಡೆ ಹಿಡಿಸಲಿಲ್ಲ ಅಂದ್ರೆ ಬೇರೆ ಕಡೆ ಹೋಗ್ಲಿ. ಮಧ್ಯೆ ಕುಡಿದುಬಿಟ್ರೂ ವಾಪಸ್ ಹೋಗ್ಲಿ, ಅಲ್ಲಿ ಯಾರೂ ಬಾಗಿಲು ಹಾಕಲ್ಲ.

ಈ ಎಎ ಅವರಿಗೆ ಒಗ್ಗಲಿಲ್ಲ ಅಂದ್ರೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಾನೂ ಇದೆ, ಎಂಟು ದಿನ ಅಲ್ಲೇ ಇರಬೇಕು, ಆಮೇಲೆ ನವಜೀವನ ಸಮಿತಿ ಅಂತ ಜೊತೆಯವರು ಸೇರ್ತಾ ಇರ್ತಾರೆ. ನಿಮ್ಮತ್ತೆ ಮಾತಿಗೆ ಅವರು ಅದನ್ನೇ ಒಪ್ಪಬಹುದು. ಅದಕ್ಕೂ ಮುಂಚೆ ನಡುಕದ ವಿಷಯ ಡಾಕ್ಟರಿಗೆ ಹೇಳಿರಬೇಕು.

ಇನ್ನು ನೀನು. ಅಲ್-ಅನಾನ್ ಅಂತ ಮನೆಯವರಿಗೇ ಇರೋ ಗುಂಪು, 1951ರಲ್ಲಿ ಎಎ ಶುರುಮಾಡಿದವರೊಬ್ಬರ ಹೆಂಡತಿ ಲೋಯಿಸ್ ಮುಂದೆ ನಿಂತು ಕಟ್ಟಿದ್ದು. ಅವರು ಬಿಡಲಿ ಬಿಡದೇ ಇರಲಿ, ನೀನು ಹೋಗು. ರಾತ್ರಿ ಗೇಟ್ ಸದ್ದಿಗೆ ಎದ್ದು ಕೂರೋದು, ಅವರ ಮ್ಯಾನೇಜರಿಗೆ ಜ್ವರ ಅಂತ ನೀನೇ ಫೋನ್ ಮಾಡೋದು, ಇದೆಲ್ಲ ಅಲ್ಲಿ ವಿವರಿಸಿ ಹೇಳೋದೇ ಬೇಡ, ಅರ್ಧ ಮಾತಿಗೇ ಅರ್ಥವಾಗತ್ತೆ. ನಾನು ಈಗಲೂ ಹೋಗ್ತೀನಿ.

ಅವರ ಶಿಫ್ಟ್ ಯಾವಾಗ ಮುಗಿಯತ್ತೆ ಅಂತ ಈ ಗ್ರೂಪಲ್ಲಿ ಹಾಕದೆ ನಂಗೊಬ್ಬಳಿಗೇ ಕಳಿಸು. ಡಾಕ್ಟರು ಸರಿ ಅಂದ ಮೇಲೆ ಮೊದಲ ಮೀಟಿಂಗಿಗೆ ನಮ್ಮನೆಯವರೇ ಬಂದು ಕರ್ಕೊಂಡು ಹೋಗ್ತಾರಂತೆ, ಸ್ಕೂಟರಲ್ಲಿ. ನಿಮ್ಹಾನ್ಸಿಗೆ ನಾನು ಬರ್ತೀನಿ, ಬೆಳಗ್ಗೆ ಬೇಗ ಹೊರಡಬೇಕು. ಹಳೇ ರಿಪೋರ್ಟು, ಈಗ ತಗೋತಿರೋ ಮಾತ್ರೆ ಚೀಟಿ ಎಲ್ಲ ಒಂದು ಕವರಲ್ಲಿ ಹಾಕಿಟ್ಟಿರು.