ಮುಂಬೈಯ ಲೋಕಲ್ ರೈಲು ಹಿಡಿದು ಓಡಾಡುವವರಿಗೆ ವ್ಯಾಯಾಮಕ್ಕೆ ಹೊತ್ತೆಲ್ಲಿ? ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ, ಡೊಂಬಿವಲಿಯಿಂದ:
ಮೇಡಂ, ನನಗೆ 43 ವರ್ಷ. ಬೆಳಿಗ್ಗೆ ಎಂಟರೊಳಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಎಂಟಕ್ಕೆ. ಸಿಎಸ್‌ಎಂಟಿಯಲ್ಲಿ ಇಳಿದು ಫೋರ್ಟ್‌ನ ಆಫೀಸಿಗೆ ನಡೆದೇ ಹೋಗುತ್ತೇನೆ, ಹದಿನೈದು ನಿಮಿಷ. ಬರುವಾಗಲೂ ಅಷ್ಟೇ. ಮೊನ್ನೆ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 6.1 ಬಂತು. ಶುಗರ್ ಬಾರ್ಡರಿನಲ್ಲಿದೆ, ವ್ಯಾಯಾಮ ಮಾಡಿ ಅಂದರು ಡಾಕ್ಟರು. ಸ್ಟೇಶನ್ ಬ್ರಿಜ್ ಹತ್ತುವಾಗ ತೊಡೆ ಸೋತು ಕಂಬಿ ಹಿಡಿಯುವಂತಾಗುತ್ತದೆ. ಜಿಮ್ಮಿಗೆ ಹೊತ್ತು ಎಲ್ಲಿಂದ ತರಲಿ?

ಉತ್ತರ:
ಅಕ್ಕ, ಹತ್ತುವಾಗ ಎದೆ ಬಿಗಿಯುವುದು, ದವಡೆಗೋ ತೋಳಿಗೋ ನೋವು ಹರಿಯುವುದು, ತಲೆ ಸುತ್ತುವುದು ಇದ್ದರೆ ಮೊದಲು ಡಾಕ್ಟರನ್ನು ಕಂಡು ಇಸಿಜಿ ಮಾಡಿಸಿ. ವ್ಯಾಯಾಮದ ಮಾತು ಆಮೇಲೆ. ಬರೀ ತೊಡೆ ಸೋಲುವುದಾದರೆ ಮುಂದೆ ಓದಿ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಸಾಕು ಅನ್ನುತ್ತದೆ. ಒಮ್ಮೆಗೆ ಹತ್ತು ನಿಮಿಷವಾದರೂ ಇರಲೇಬೇಕೆಂಬ ಹಳೆಯ ಷರತ್ತೂ ಈಗಿಲ್ಲ. ನೀವು ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆಯುತ್ತಿದ್ದೀರಿ. ಮಾತಾಡಬಹುದು, ಹಾಡಲು ಉಸಿರು ಸಾಲದು ಅನ್ನುವಷ್ಟು ಬಿರುಸಿದ್ದರೆ 150 ನಿಮಿಷ ಅಲ್ಲಿಗೇ ಆಯಿತು. ಇಷ್ಟು ನಡೆದೂ "ನಾನೇನೂ ಮಾಡುತ್ತಿಲ್ಲ" ಎಂದು ಕೊರಗುವ ಹೆಂಗಸರು ನನ್ನಲ್ಲಿಗೆ ಎಷ್ಟೋ ಜನ ಬರುತ್ತಾರೆ. ಕೇಳಿದರೆ ಸಂಕಟವಾಗುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತಿದೆ, ಅದು ಯಾರ ಕಿವಿಗೂ ಬಿದ್ದಿರುವುದಿಲ್ಲ: ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ. ನಿಮ್ಮ ಕೊರತೆ ಅಲ್ಲಿದೆ. ಉಂಡದ್ದರಿಂದ ರಕ್ತಕ್ಕೆ ಬರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಅವು ಸೊರಗಿದರೆ ಬ್ರಿಜ್ಜೂ ಕಷ್ಟ, ಶುಗರೂ ಕಷ್ಟ.

ರಾತ್ರಿ ಕುಕ್ಕರ್ ಇಟ್ಟಾಗ ಊಟದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅದರ ಮುಂದಿನ ಅರ್ಧದಲ್ಲಿ ಕೂತು ಪಾದಗಳನ್ನು ಮಂಡಿಗಿಂತ ತುಸು ಹಿಂದೆ ಊರಿ, ಕೈ ಎದೆಯ ಮೇಲೆ ಕಟ್ಟಿಕೊಳ್ಳಿ. ಮುಂದೆ ಬಾಗಿ, ಉಸಿರು ಬಿಡುತ್ತಾ ಎದ್ದು ನಿಲ್ಲಿ. ಕೂರುವಾಗ ಧಪ್ಪನೆ ಬೀಳಬೇಡಿ, ಮನಸ್ಸಿನಲ್ಲಿ ಮೂರು ಎಣಿಸುತ್ತಾ ಇಳಿಯಿರಿ. ಆ ಇಳಿಯುವ ಮೂರು ಎಣಿಕೆಯಲ್ಲೂ ತೊಡೆಗೆ ಬಲ ಬರುತ್ತದೆ, ಎಲ್ಲರೂ ತಪ್ಪಿಸುವುದು ಅದನ್ನೇ. ಎಂಟು ಸಲ, ಒಂದು ನಿಮಿಷ ಬಿಡುವು, ಮತ್ತೆ ಎಂಟು. ಆಮೇಲೆ ಅಡುಗೆ ಕಟ್ಟೆಗೆ ಕೈಯೂರಿ ಓರೆಯಾಗಿ ನಿಂತು ಎಂಟು ಪುಷ್‌ಅಪ್. ವಾರಕ್ಕೆ ಮೂರು ದಿನ ಸಾಕು. ಸುಲಭ ಅನ್ನಿಸಿದಾಗ ಎರಡು ಕೈಯಲ್ಲೂ ನೀರು ತುಂಬಿದ ಬಾಟ್ಲಿ ಹಿಡಿದು ಏಳಿ. ಮಂಡಿಯೊಳಗೆ ಚುಚ್ಚಿದರೆ ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ಉಂಡ ಕೂಡಲೇ ಸೋಫಾ ಹಿಡಿಯದೆ ಹತ್ತು ನಿಮಿಷ ಬಿಲ್ಡಿಂಗ್ ಕಾಂಪೌಂಡಿನಲ್ಲಿ ಸುತ್ತಿ, ಮಳೆಗಾಲದಲ್ಲಿ ಪ್ಯಾಸೇಜಿನಲ್ಲಿ. ಊಟದ ನಂತರ ಏರುವ ಶುಗರನ್ನು ಈ ನಡಿಗೆ ತಗ್ಗಿಸುತ್ತದೆ.

ಪ್ರಶ್ನೆ, ಅವರದೇ:
ತುಂಬಾ ಉಪಕಾರ ಮೇಡಂ. ಎದೆನೋವು, ತಲೆಸುತ್ತು ಏನೂ ಇಲ್ಲ. ಬೆಳಿಗ್ಗೆ ಅವಲಕ್ಕಿ, ಸಂಜೆ ಸ್ಟೇಶನ್ನಿನಲ್ಲಿ ವಡಾಪಾವ್. ಬದಲಿಸಬೇಕಾ?

ಉತ್ತರ:
ಅವಲಕ್ಕಿ ಬಿಡುವುದು ಬೇಡ, ಅರ್ಧ ಮಾಡಿ ಜೊತೆಗೆ ಮೊಳಕೆ ಕಟ್ಟಿದ ಮಟಕಿ (ಮಡಕೆ ಕಾಳು) ಉಸಳಿಯೋ ಮೊಟ್ಟೆಯೋ ಇರಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕು, 60 ಕಿಲೋ ಇದ್ದವರಿಗೆ 50 ಗ್ರಾಂ. ಅವಲಕ್ಕಿ, ಅನ್ನ, ಪಾವ್‌ನಿಂದಲೇ ಅದು ಕೂಡುವುದು ಕಷ್ಟ. ಸಂಜೆಗೆ ಪರ್ಸಿನಲ್ಲಿ ಹುರಿದ ಚಣಾ ಇಟ್ಟುಕೊಳ್ಳಿ. ವಡಾಪಾವ್ ವಾರಕ್ಕೊಂದು ತಿನ್ನಿ, ಖುಷಿಯಿಂದ ತಿನ್ನಿ.

ಪ್ರಶ್ನೆ, ಮಾಟುಂಗಾದಿಂದ:
ಮೇಡಂ, ನಾನು ಹೋಟೆಲ್ ಕಿಚನ್ನಿನಲ್ಲಿ ದಿನಕ್ಕೆ ಹತ್ತು ತಾಸು ನಿಂತಿರುತ್ತೇನೆ. ರಾತ್ರಿ ಕಾಲು ಭಾರ, ಚಪ್ಪಲಿ ಬಿಗಿಯಾಗುತ್ತದೆ. ನನಗೂ ವ್ಯಾಯಾಮ ಬೇಕಾ?

ಉತ್ತರ:
ಬೇಕು ಅಣ್ಣ. ಒಂದೇ ಕಡೆ ನಿಂತಾಗ ಮೀನಖಂಡ ಅಲುಗುವುದಿಲ್ಲ. ಅದು ಹಿಂಡಿದರೇ ಕಾಲಿನ ರಕ್ತ ಸರಾಗವಾಗಿ ಮೇಲೇರುವುದು. ತಾಸಿಗೊಮ್ಮೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಹದಿನೈದು ಸಲ. ರೂಮಿಗೆ ಹೋದ ಮೇಲೆ ಕಾಲನ್ನು ಗೋಡೆಗೆ ಎತ್ತಿಟ್ಟು ಹತ್ತು ನಿಮಿಷ ಮಲಗಿ. ಎರಡೂ ಕಾಲಿನ ಊತ ಬೆಳಿಗ್ಗೆಯೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಡ್ಯೂಟಿ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.